ಗುಬ್ಬಿ ಪಾಲಿನ ಗೊನಿ

18 ಜೂನ್ 2024, ಶೇಡಬಾಳ

ದಿಗ್ಗೇವಾಡಿ ಸಾಲಿಯೊಳಗ ರಜಾ ಅರ್ಜಿ ಕೊಟ್ಟು ಬಂದೆ. ಹೆಡ್ ಮಾಸ್ತರ ಧೂಳಪ್ಪ ಸರ್ "ಎಷ್ಟ ದಿವಸ್ರೀ ಅಕ್ಕಾರ?" ಅಂತ ಕೇಳಿದ್ರು. ಏನ ಹೇಳೂದು? ನಮ್ಮಣ್ಣ ಇರೂತನಕ ಅನ್ನಾಕ ಬಾಯಿ ಬರತೈತೇನು? "ನೋಡ್ತೀನ್ರಿ ಸರ್" ಅಂದು ಹೊಂಟ ಬಂದೆ.

ಹೊಸ ವಹಿ ಸುರು ಮಾಡಿದ್ರ ಮೊದಲ ಹಾಜರಿ ಬರೀಬೇಕು, ಇಪ್ಪತ್ತಾರು ವರ್ಷದ ಚಟ. ಈ ಮನ್ಯಾಗ ನಾಕ ಮಂದಿ ಅದೀವಿ. ಮೊದಲನೇದು ಶ್ರೇಣಿಕ, ನಮ್ಮಣ್ಣ, ನಾ ದಾದಾ ಅಂತೀನಿ. ವಯಸ್ಸ ಐವತ್ನಾಕು. ನಿಪ್ಪಾಣಿ ಬಸ್‌ಸ್ಟ್ಯಾಂಡ್ ಎದರಿಗಿ ಗಡಿಯಾರ, ರೇಡಿಯೋ ರಿಪೇರಿ ಮಾಡತಿದ್ದ. ಆಮ್ಯಾಲ ಸ್ನೇಹಲ, ಅವನ ಮಗಳು, ಚಿಕ್ಕೋಡಿಯೊಳಗ ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದತಾಳ, ಶನಿವಾರಕ್ಕೊಮ್ಮೆ ಬರತಾಳ. ಅವರವ್ವ ತೀರಿ ಆರ ವರ್ಷ ಆತು. ಕಾಕಾಸಾಹೇಬ ಕಾಕಾ, ನಮ್ಮಪ್ಪನ ತಮ್ಮ, ದ್ರಾಕ್ಷಿ ತ್ವಾಟ ನೋಡಕೊಂತಾರ. ಕಣ್ಣಿಗಿ ಪೊರಿ ಬಂದೈತಿ, ಆಪರೇಶನ್ ಮಾಡಸ್ಕೋರಿ ಅಂದ್ರ ಕೇಳಂಗಿಲ್ಲ, ಆದ್ರೂ ಈ ಮನ್ಯಾಗ ಕಡೀ ಮಾತ ಅವರದ. ಇನ್ನ ನಾ, ಮಂಗಲ, ಒಂದನೇತ್ತಾ ಕಲಸೂ ಅಕ್ಕಾರ. ಗಂಡ ಹೋಗಿ ಒಂಬತ್ತ ವರ್ಷ. ಮಕ್ಕಳಿಲ್ಲ. ಸಾಲ್ಯಾಗ ಪುಸ್ತಕದ ಭಾಷಾ ಮಾತಾಡಿ ನಾಲಿಗಿ ಬ್ಯಾಸತ್ತೈತಿ, ಇಲ್ಲಿ ಬಾಯಿಗಿ ಬಂದಂಗ ಬರ್ಯಾಕಿ. ತಿದ್ದವರ ಯಾರದಾರ?

ಮಿರಜದ ಡಾಕ್ಟರ ಹೇಳಿದ್ದು: ನರದ ರೋಗ, ಔಷಧ ಇಲ್ಲ. ಮೊದಲ ಕೈ, ಆಮ್ಯಾಲ ಕಾಲು, ಮಾತು, ನುಂಗೂದು, ಕಡೀಕ ಉಸರು. "ಬುದ್ಧಿಗಿ ಮಾತ್ರ ಏನೂ ಆಗಂಗಿಲ್ಲ" ಅಂದ್ರು. ಸಂತೋಷದ ಸುದ್ದಿ ಹೇಳಿದಂಗ ಹೇಳಿದ್ರು ಆ ಮನಶಾ.

25 ಜೂನ್

ನಿಪ್ಪಾಣಿ ಅಂಗಡಿ ಖಾಲಿ ಆತು. ಎಲ್ಲಾ ಮಾರಿ ಬಾ, ಶಾವಿಗಿ ಡಬ್ಬಿ ಒಂದ ಬಿಟ್ಟ, ಅಂತ ದಾದಾ ಸ್ನೇಹಲಗ ಹೇಳಿದ್ದ. ಅದರಾಗ ಏನ ಇರತೈತಿ ಅಂತ ನನಗ ಗೊತ್ತ. ಕಿಂಬೊ, ಕೈಯಾಗ ಹಿಡದು ಆಡೂ ಸೆಲ್ಲಿನ ಗೇಮು! ತೆಲಿ ಹಣ್ಣಾದ ಗಂಡಸು, ಹುಡುಗರ ಆಟಿಗಿ ಸಾಮಾನ ಅವ್ವನ ಹಳೇ ಇಲಕಲ್ ಸೀರಿ ತುಂಡಿನ್ಯಾಗ ಸುತ್ತಿ ಇಟ್ಟಾನ. ನಾ ನಕ್ಕೆ. ಅಂವ ಸಿಟ್ಟಾಗಲಿಲ್ಲ. "ಮಂಗಲಾ, ಸಾಲಾಗಿ ಹಚ್ಚು" ಅಂದ.

ಕಾಟಿನ ಮ್ಯಾಲ ಹಚ್ಚಿದೆ. ಒಂದನೇ ಕಿಂಬೊ 1984ರದು, ಅಪ್ಪ ದ್ರಾಕ್ಷಿ ಲಾರಿ ಕೂಡ ಮುಂಬೈಕ್ಕ ಹೋದಾಗ ತಂದದ್ದು. ಅಂಗೈಯಷ್ಟ ಐತಿ, ಎರಡ ಗುಂಡಿ. ಮ್ಯಾಲ ಬಳ್ಳಿ, ಕೆಳಗ ಬುಟ್ಟಿ ಹಿಡದ ಒಬ್ಬ ಕರೇ ಮನಶಾ. ಗೊನಿ ಬೀಳತಾವ, ಅಂವ ಆಚೀಕೊಮ್ಮೆ ಈಚೀಕೊಮ್ಮೆ ಹೋಗಿ ಹಿಡೀಬೇಕು. ಹಿಡದ ಗೊನಿಗೊಂದ ಗುಣ, ಮೂರ ನೆಲಕ್ಕ ಬಿದ್ರ ಆಟ ಮುಗೀತು. ಎರಡನೇ ಕಿಂಬೊಕ್ಕ ಗಡಿಯಾರ, ಅಲಾರಾಂ ಕೂಡಿದ್ವು. ನಾಕನೇದು ಪುಸ್ತಕದಂಗ ಮಡಚೂದು. ಐದನೇದ್ದರಾಗ ಅಚ್ಚಿನ ಚಿತ್ರ ಹೋಗಿ ಚುಕ್ಕಿ ಬಂದ್ವು, ಚುಕ್ಕಿ ಕೂಡಿಸಿ ಎಂತಾ ಆಟ ಬೇಕಾದ್ರೂ ಕಟ್ಟಬಹುದಂತ. ಆರನೇದ್ದಕ್ಕ ಬಣ್ಣ, ಎಂಟ ಗುಂಡಿ. ಏಳನೇದ್ದಕ್ಕ ಗುಂಡೀನ ಇಲ್ಲ, ಗಾಜಿನ ಮ್ಯಾಲ ಬಟ್ಟ ಆಡಸೂದು. ಅಷ್ಟೊತ್ತಿಗಿ ಎಲ್ಲಾರ ಕೈಯಾಗ ಫೋನ್ ಬಂದು ಕಿಂಬೊ ಕಂಪನಿ ಬಾಗಲಾ ಹಾಕ್ಕೊಂತು.

"ಮೂರನೇದ ಎಲ್ಲೈತಿ ಪಪ್ಪಾ?" ಅಂತ ಸ್ನೇಹಲ ಕೇಳಿದಳು. ಮೂರನೇದ್ದರಾಗ ಕವಣಿ ಕಲ್ಲಲೆ ಹಕ್ಕಿ ಹೊಡ್ಯೂದಿತ್ತು. ಜೈನರ ಮನ್ಯಾಗ ಹಕ್ಕಿ ಹೊಡ್ಯೂ ಆಟ! ಅಪ್ಪಗ ಚಾಡಿ ಹೇಳಿದಾಕಿ ನಾನ. ಅಪ್ಪ ಒಯ್ದು ಬಾವಿಗಿ ಒಗದ. ದಾದಾ ಒಂದ ತಿಂಗಳ ನನ್ನ ಕೂಡ ಮಾತಾಡಿರಲಿಲ್ಲ.

2 ಜುಲೈ

ದಾದಾ ಒಂದನೇ ಕಿಂಬೊ ತೋರಿಸಿ "ಓರೆ ಹಿಡದ ನೋಡು" ಅಂದ. ಕಿಡಕಿ ಬೆಳಕಿಗಿ ಓರೆ ಹಿಡದೆ. ಅವ್ವಾ! ಎಲ್ಲಾ ಒಮ್ಮಿಗೇ ಕಂಡ್ವು. ಬುಟ್ಟಿಯವ ಆಚೀಕೂ ಇದ್ದ ಈಚೀಕೂ ಇದ್ದ, ಗೊನಿ ಬಳ್ಳ್ಯಾಗೂ ಇದ್ದವು ನೆಲದಾಗೂ ಇದ್ದವು, ಮಸಕ ಮಸಕ.

"ಇದರಾಗ ಏನೇನ ಆಗೂದೈತಿ ಎಲ್ಲಾ ಗಾಜಿನ್ಯಾಗ ಮೊದಲ ಬರದಿಟ್ಟಿರತಾರ. ಯಾವುದೂ ಸರದಾಡಾಂಗಿಲ್ಲ. ಒಂದ ಆರತೈತಿ, ಮಗ್ಗಲದ್ದ ಹತ್ತತೈತಿ, ಅಷ್ಟ."

"ಹಂಗಾರ ಕರ್ಮ ಇದ್ದಂಗ ಆತಲ್ಲೋ" ಅಂದೆ. ಅಂವ ನಕ್ಕ, ಜೊಲ್ಲ ಸೋರಿತು, ಒರಸಿದೆ.

ಆಡೂ ಮುಂದ ಮೊದಲನೇ ಗೊನಿ ಬೇಕಂತ ಬಿಟ್ಟ. ನೆಲಕ್ಕ ಬಿದ್ದು ಟುಂಯ್ ಅಂತು. ಸಣ್ಣಾಂವಿದ್ದಾಗಿಂದ ಹಿಂಗ ಅಂವ. ತ್ವಾಟದಾಗ ಮೊದಲ ಹಣ್ಣಾದ ಗೊನಿ ಅಪ್ಪ ಕೊಯ್ಯಾಕ ಕೊಡತಿರಲಿಲ್ಲ, ಅದು ಗುಬ್ಬಿ ಪಾಲು. ಆಟದಾಗೂ ಗುಬ್ಬಿಗಿ ಬಿಡೂ ಹುಚ್ಚ ಇಂವ ಒಬ್ಬನ. ಮೂರ ಜೀವದಾಗ ಒಂದ ಮೊದಲ ದಾನ! ಹಂಗ ಆಡಿ 212 ಮಾಡಿದ.

21 ಜುಲೈ

ಏಳನೇದು ಹೋದ ವಾರ ಬಿಟ್ಟ, ಬಟ್ಟ ಗಾಜಿನ ಮ್ಯಾಲ ನಿಲ್ಲವಲ್ದು. ಎಂಟ ಗುಂಡಿದು ಮನ್ನೆ ಬಿಟ್ಟ. ಇವತ್ತ ಐದನೇದ ಡಬ್ಬ್ಯಾಗ ಇಡು ಅಂದ. ಎಲ್ಲಾರೂ ಒಂದರಿಂದ ಏಳಕ್ಕ ಹೋದ್ರು, ಇಂವ ಏಳರಿಂದ ಒಂದಕ್ಕ ಬರಾಕತ್ತಾನ. ನನಗ ಡಬ್ಬಿ ಮುಚ್ಚಳ ಹಾಕೂದು ನೋಡಾಕ ಆಗವಲ್ದು. ಬೈದು ಬಂದೆ, ಸುಮ್ಮನ ಕಾರಣಿಲ್ಲದ.

11 ಆಗಸ್ಟ್

ಇವತ್ತಿಂದು ಸ್ವಚ್ಛ ಬರದ ಇಡಬೇಕು.

ದಾದಾನ ಮಾತ ಈಗ ನನಗ, ಸ್ನೇಹಲಗ ಅಷ್ಟ ತಿಳೀತಾವ. ಕಾಕಾನ್ನ ಕರೀ ಅಂದ. ಕಾಕಾ ಬಂದು ಕುಂತ್ರು. ಸ್ನೇಹಲ ಒಂದನೇ ಕಿಂಬೊದ ಎರಡೂ ಗುಂಡಿ ವಾಯರ ಎಳದು, ಬೆಸಗಿ ಹಾಕಿ, ಮನಿ ಗಂಟಿ ಬಾರಸೂ ದೊಡ್ಡ ಸ್ವಿಚ್ಚಿಗಿ ಕೂಡಿಸ್ಯಾಳ. ಅಪ್ಪ ಹೇಳಿದಂಗ ಮಗಳ ಮಾಡ್ಯಾಳ. ಒತ್ತಿದ್ರ ಬುಟ್ಟಿ ಆಚೀಕ ಹೋಗತೈತಿ, ಬಿಟ್ರ ಈಚೀಕ ಬರತೈತಿ. ಒಂದ ಬಟ್ಟ ಸಾಕು.

"ಈ ಒಂದ ಬಟ್ಟಲೆ ನಾ ಎಲ್ಲೀತನಕ ಐವತ್ತ ದಾಟತಿರತೀನಿ, ಅಲ್ಲೀತನಕ ನನಗ ಏನ ಮಾಡೂದಿದ್ರೂ ಮಾಡ್ರಿ" ಅಂದ ದಾದಾ. "ಐವತ್ತ ಆಗಲಿಲ್ಲಂದ್ರ ಹೊಟ್ಟಿಗಿ ಅನ್ನ ಇಳಸೂ ನಳಗಿ ಬ್ಯಾಡ, ಉಸರಿನ ಮಷೀನ್ ಬ್ಯಾಡ. ಹಾಸಿಗ್ಯಾಗ ಕಟ್ಟಿ ಹಾಕಬ್ಯಾಡ್ರಿ. ಬಿಡ್ರಿ ನನ್ನ."

ಕಾಕಾ "ಆತಪಾ. ಮಾತ ಕೊಟ್ಟೀನಿ" ಅಂದ್ರು. "ನನ್ನ ಕಣ್ಣಿಗಿ ಆ ಅಂಕಿ ಕಾಣಾಂಗಿಲ್ಲ. ಮಂಗಲ ನೋಡಿ ಹೇಳಲಿ. ಮಾರ್ಕ್ಸ್ ಹಾಕೂದು ಆಕೀ ಕೆಲಸ."

ದಾದಾ ನನ್ನ ಕಡೆ ನೋಡಿದ. "ಖರೇ ಹಾಕ್ತೀಯಿಲ್ಲ?"

ಸಿಟ್ಟ ಬಂತು ನನಗ. "ಇಪ್ಪತ್ತಾರು ವರ್ಷದಾಗ ಒಂದ ಮಾರ್ಕ್ ಸುಳ್ಳ ಹಾಕಿಲ್ಲೋ ನಾ!" ಅಂದೆ.

ಇವತ್ತ 131. ಮೊದಲನೇದ ಗುಬ್ಬಿಗಿ.

12 ಸಪ್ಟಂಬರ್

ದಶಲಕ್ಷಣ ನಡದೈತಿ. ಬಸದಿಗಿ ಹೋಗಿ ಮಾತಾಜಿ ಮುಂದ ನೇಮ ತಗೊಂಡೆ: ದಾದಾ ಮುನ್ನೂರ ದಾಟೂತನಕ ಸಿಹಿ ಮುಟ್ಟಂಗಿಲ್ಲ. ಮಾತಾಜಿ "ಏನ ಮುನ್ನೂರವ್ವಾ?" ಅಂದ್ರು. ಆಟದ್ದು ಅನ್ನಾಕ ನಾಚಿಕಿ ಆತು. "ಔಷಧದ ಲೆಕ್ಕರಿ" ಅಂದೆ. ಸುಳ್ಳ ಅಲ್ಲ, ನನಗ ಅದು ಔಷಧನ.

ಇವತ್ತ 97.

6 ಅಕ್ಟೋಬರ್

74. ಮಾತ ಪೂರಾ ಹೋತು. ಕಣ್ಣಲೆ ಅಷ್ಟ. ಕಣ್ಣ ಒಮ್ಮೆ ಮುಚ್ಚಿದ್ರ ಹೌದು, ಎರಡ ಸಲ ಮುಚ್ಚಿದ್ರ ಬ್ಯಾಡ. ಅದೂ ಒಮ್ಮೊಮ್ಮೆ ರೆಪ್ಪಿ ತಾನ ಹೊಡಕೊಂತಾವ, ಯಾವುದು ಅವನದು ಯಾವುದು ರೋಗದ್ದು ಗೊತ್ತಾಗಂಗಿಲ್ಲ. ಬಟ್ಟ ಒಂದ ಖಾತ್ರಿ.

13 ಅಕ್ಟೋಬರ್

61.

17 ಅಕ್ಟೋಬರ್

53. ಬರೇ ಮೂರ ಮ್ಯಾಲ.

18 ಅಕ್ಟೋಬರ್

ಇವತ್ತ ನನಗ ತಿಳೀತು ತಪ್ಪ ಎಲ್ಲೈತಿ ಅಂತ. ಬಟ್ಟ ಸೋತಿಲ್ಲ, ಜಾರಾಕತ್ತೈತಿ! ಸ್ವಿಚ್ ನುಣ್ಣಗ ಐತಿ, ಅಂವ ಒತ್ತೂದರಾಗ ಬಟ್ಟ ಮಗ್ಗಲಾಗತೈತಿ. ಮ್ಯಾಲಿಂದ ನನ್ನ ಕೈ ಇಟ್ಟೆ, ಬರೇ ಆಸರಾ. ಒಂದನೇತ್ತಾ ಹುಡುಗರಿಗಿ ಪಾಟಿ ಮ್ಯಾಲ ಕೈ ಹಿಡದು ಅ ಆ ತಿದ್ದಸೂದಿಲ್ಲೇನ, ಹಂಗ. ಎಷ್ಟ ಒತ್ತಬೇಕು, ಎಷ್ಟ ಬಿಡಬೇಕು, ಇಪ್ಪತ್ತಾರು ವರ್ಷದ ಕೈ ಇದು. ಹುಡುಗ ತಾನ ಬರ್ಯಾಕತ್ತೀನಿ ಅಂತ ತಿಳ್ಕೋಬೇಕು, ಹಂಗ ಹಿಡೀತೀನಿ ನಾ.

118! ಸಾಲ್ಯಾಗಾಗಿದ್ರ ಚಪ್ಪಾಳಿ ಹೊಡಸ್ತಿದ್ದೆ. ಎಷ್ಟ ದಿವಸದ ಮ್ಯಾಲ ಮನಸ್ಸ ಹಗುರ ಆತು. ಸ್ನೇಹಲಗ ಫೋನ್ ಹಚ್ಚಿ ಹೇಳಿದೆ. ಆಕೀನೂ ಖುಷಿ ಆದಳು, "ಖರೇನ ಅತ್ತಿ?" ಅಂತ ಮೂರ ಸಲ ಕೇಳಿದಳು.

26 ಅಕ್ಟೋಬರ್

176. ಬಿದ್ದ ಮೂರೂ ಕಡೀಕ ಬಿದ್ದವು.

3 ನವೆಂಬರ್

ದೀಪಾವಳಿ ಮುಗೀತು. ಇವತ್ತ ಮುಂಜಾನೆ ದಾದಾ 312! ಎರಡನೂರ ದಾಟೂತನಕ ಒಂದ ಗೊನೀನೂ ನೆಲಕ್ಕ ಬೀಳಲಿಲ್ಲ, ಒಂದೂ! ನಾ ಕಾಕಾನ ಮುಂದ ಕುಣದ ಹೇಳಿದೆ. ಕಾಕಾ ಕಣ್ಣ ಒರಸ್ಕೊಂಡ್ರು. "ಹುಡುಗ ಇನ್ನೂ ಬದಕಬೇಕು ಅಂತಾನ" ಅಂದ್ರು.

ನೇಮ ಮುಗೀತು. ಕಡ್ಲಿಬ್ಯಾಳಿ ಹೋಳಿಗಿ ಮಾಡಿದೆ, ಸೂರ್ಯ ಮುಳುಗೂದರಾಗ ಕುಂತು ಎರಡ ತಿಂದೆ, ತುಪ್ಪ ಸುರಕೊಂಡು. ದಾದಾನ ನಾಲಿಗಿಗೂ ಒಂದ ಚೂರ ಹೂರಣ ಹಚ್ಚಿದೆ. ಅಂವ ಬಾಯಿ ಮುಚ್ಚಿಕೊಂಡ. ಸಿಹಿ ಸೇರವಲ್ದು ಈಗ.

29 ನವೆಂಬರ್

ನುಂಗಾಕ ಆಗವಲ್ದು. ಗಂಜಿ ಮೂಗಿಗಿ ಏರತೈತಿ. ಒಂದ ವಾಟಿ ಕುಡಸಾಕ ಒಂದೂವರಿ ತಾಸು. ದೇಹ ಕಟಗಿ ಆಗೈತಿ. ಮಿರಜಿಗಿ ಕರಕೊಂಡ ಹೋಗಿದ್ವಿ. ಡಾಕ್ಟರ, ಹೊಟ್ಟಿಗಿ ನಳಗಿ ಇಡಬೇಕು, ಇಲ್ಲಂದ್ರ ಇನ್ನ ಹದಿನೈದ ದಿವಸ, ಅಂದ್ರು. "ಪೇಶಂಟಿನ ಮನಸಿನ್ಯಾಗ ಏನೈತಿ?" ಅಂತ ಕೇಳಿದ್ರು. ಕಾಕಾ ನನ್ನ ಕಡೆ ನೋಡಿದ್ರು.

1 ಡಿಸೆಂಬರ್

ದಾದಾನ ಎದಿ ಮ್ಯಾಲ ಕಿಂಬೊ ಇಟ್ಟು ಆಡಸಿದೆ. ಕಾಕಾ ಮಗ್ಗಲದಾಗ ಕುಂತಿದ್ರು. ಸ್ನೇಹಲಗ ಪರೀಕ್ಷೆ, ಬಂದಿರಲಿಲ್ಲ. ಬಟ್ಟ ತಣ್ಣಗ ಆಗಿತ್ತು. ಆಸರಾ ಕೊಟ್ಟೆ.

140.

"ಐವತ್ತ ದಾಟತು?" ಅಂತ ಕೇಳಿದ್ರು ಕಾಕಾ.

"ದಾಟಿ ಎಷ್ಟೋ ಮುಂದ ಹೋತ್ರಿ" ಅಂದೆ.

ದಾದಾ ಕಣ್ಣ ಎರಡ ಸಲ ಮುಚ್ಚಿದ. ರೆಪ್ಪಿ ತಾನ ಹೊಡಕೊಳ್ಳೂ ರೋಗ ಅದು, ಡಾಕ್ಟರನ ಹೇಳ್ಯಾರ.

5 ಡಿಸೆಂಬರ್

ನಳಗಿ ಇಟ್ಟರು. ಚಲೋ ಆತು.

20 ಡಿಸೆಂಬರ್

ನಾಕ ತಾಸಿಗೊಮ್ಮೆ ಕೊಡಬೇಕು: ಹಾಲು, ಬ್ಯಾಳಿ ತಿಳಿ, ಪುಡಿ. ರಾತ್ರಿ ಎಂಟಕ್ಕೊಮ್ಮೆ ಬರತೈತಿ. ದಾದಾ ಹುಟ್ಟಿದಾಗಿಂದ ಕತ್ತಲಾದ ಮ್ಯಾಲ ನೀರ ಸುದ್ದಾ ಕುಡದಾಂವ ಅಲ್ಲ. ನಿಪ್ಪಾಣಿ ಅಂಗಡಿಯೊಳಗ ಒಬ್ಬನ ಇದ್ದಾಗೂ ಐದೂವರಿಗಿ ಶಟರ್ ಇಳಿಸಿ ಬುತ್ತಿ ಬಿಚ್ಚತಿದ್ದ. ಬಾಯಿಲೆ ಉಂಡ್ರ ದೋಷ, ನಳಗಿಲೆ ಹಾಕಿದ್ರ ಅದು ಔಷಧ, ಹಂಗಂತ ನಾ ಅವಂಗ ಸಮಜಾಯಿಸಿ ಹೇಳಿದೆ. ಎಂಟರದ್ದ ಹಾಕೂ ಮುಂದ ಕಣ್ಣಾಗಿಂದ ನೀರ ಸೋರತಾವ. ಕಣ್ಣಿನ ಹನಿ ತರಸಬೇಕು.

14 ಜನೆವರಿ 2025

ಸಂಕ್ರಾಂತಿ. 205. ತೂಕ ಎರಡ ಕಿಲೋ ಏರೈತಿ.

ಒಂದ ಮಾತ ಬರೀಬೇಕು. ನಾ ಖೋಲಿಗಿ ಹೋದ್ರ ದಾದಾಗ ನಿದ್ದಿ ಬರತೈತಿ. ಬಾಗಲದಾಗ ನಿಂತ ನೋಡಿದ್ರ ಎಚ್ಚರ ಇರತಾನ, ಕಿಡಕಿ ಹೊರಗ ನೋಡತಿರತಾನ. ನಾ ಮಗ್ಗಲಕ್ಕ ಹೋಗಿ ಕುಂತೆ ಅಂದ್ರ ಕಣ್ಣ ಮುಚ್ಚಿ ಬಿಡತಾನ. ಆಟ ಆಡೂ ಮುಂದನೂ ಕಣ್ಣ ಮುಚ್ಚೇ ಇರತಾವ. ಕಣ್ಣ ಮುಚ್ಚಿಕೊಂಡ 205 ಮಾಡತಾನ ನೋಡ್ರಿ ನಮ್ಮ ದಾದಾ! ನಾಲ್ವತ್ತ ವರ್ಷದ ಕೈ ಅದು, ಕಣ್ಣಿನ ಗರಜ ಇಲ್ಲ.

ಎಳ್ಳು ಬೆಲ್ಲ ಯಾರೂ ತಿನ್ನಲಿಲ್ಲ.

8 ಫೆಬ್ರುವರಿ

ತ್ವಾಟದಾಗ ಕೊಯ್ಲ ಸುರು ಆಗೈತಿ. ಕಾಕಾ ಮೊದಲನೇ ಗೊನಿ ಗುಬ್ಬಿಗಿ ಬಿಟ್ಟು ಬಂದ್ರಂತ. ನಾ ಹೊರಗ ಬೀಳದ ಎಷ್ಟ ದಿವಸ ಆತು.

15 ಫೆಬ್ರುವರಿ

ಸ್ನೇಹಲ ಬಂದಾಳ. ಪರೀಕ್ಷೆ, ಪ್ರಾಜೆಕ್ಟ್ ಅಂತ ದೀಪಾವಳಿಯಿಂದ ಬರೇ ಬಂದು ಹೋಗಾಕತ್ತಿದ್ದಳು, ಈಗ ಎಂಟ ದಿವಸ ಇರತಾಳ. ಮುಂಜಾನೆ ದಾದಾನ್ನ ಆಡಸೂ ಮುಂದ ಬಾಗಲಿಗಿ ಆನಿಕೊಂಡ ನಿಂತ ನೋಡತಿದ್ದಳು. 190 ಆತು. "ಹೆಂಗ?" ಅಂದೆ. ಆಕೀ ನಾ ಅಂಕಿ ಬರದಿಡೂ ಕ್ಯಾಲೆಂಡರ್ ಗ್ವಾಡಿ ಮ್ಯಾಲಿಂದ ಇಳಿಸಿ ಒಯ್ದಳು.

ಮಧ್ಯಾಹ್ನ ಅಡಗಿ ಮನಿಗಿ ಬಂದಳು. ನಾ ಅಕ್ಕಿ ಆರಸ್ತಿದ್ದೆ.

"ಅತ್ತಿ, ನೀ ಗುಣದ ಮಗ್ಗಲಕ್ಕ 'ನೂರರತನಕ ಒಂದೂ ಬೀಳಲಿಲ್ಲ' ಅಂತ ಬರದೀ. ಎಷ್ಟೋ ದಿವಸ ಬರದೀ."

"ಮತ್ತ? ಬೀಳಲಿಲ್ಲಂದ್ರ ಹಂಗ ಬರೀಬೇಕಲ್ಲವಾ."

"ಗುಬ್ಬೀದ ಎಲ್ಲಿ ಹೋತು?"

ನನಗ ತಿಳೀಲಿಲ್ಲ. ಖರೇನ ತಿಳೀಲಿಲ್ಲ.

"ಪಪ್ಪಾ ಮೊದಲನೇ ಗೊನಿ ಯಾವಾಗರ ಹಿಡದಾನನ? ನಾ ಹುಟ್ಟಿದಾಗಿಂದ ನೋಡೀನಿ, ಒಮ್ಮೆನೂ ಹಿಡದಿಲ್ಲ. ಅಕ್ಟೋಬರ್ ಹದಿನೆಂಟರಿಂದ ಯಾರ ಹಿಡ್ಯಾಕತ್ತಾರ ಅದನ್ನ?"

ಕೈಯಾಗಿನ ಅಕ್ಕಿ ಮರ ಒಗದೆ. ಅಕ್ಕಿ ಮನಿ ತುಂಬ ಆತು. ಏನೇನ ಬೈದೆ ಆಕೀಗಿ, ಬರ್ಯಾಕ ಆಗಂಗಿಲ್ಲ. ಶನಿವಾರಕ್ಕೊಮ್ಮೆ ಬಂದು ತಪಾಸ ಮಾಡಾಕಿ ನೀ ಯಾವ ಇನ್ಸ್‌ಪೆಕ್ಟರ್ ಲೇ ಅಂದೆ. ಉಚ್ಚಿ ಹೇಲು ಬಳ್ಯಾಕಿ ನಾ, ಉಪ್ಪರಗಿ ಮಾತಾಡಾಕಿ ನೀ ಅಂದೆ. ಅಪ್ಪ ಸಾಯ್ಬೇಕು ಅಂತೀಯೇನ ಅಂದೆ. ಆಕೀ ಅಳಾಕತ್ತಳು, ಆದ್ರ ಮಾತ ಬಿಡಲಿಲ್ಲ.

"ನೀ ಕಾಕಾ ಅಜ್ಜನ ಮುಂದ ಸುಳ್ಳ ಹೇಳಿದಿ ಅತ್ತಿ. ಪಪ್ಪಾ ಕಣ್ಣ ಎರಡ ಸಲ ಮುಚ್ಚಿರಬೇಕು ಆವತ್ತ. ಮುಚ್ಚಿದ್ದಿಲ್ಲೇನ?"

ಆಸರಾ ಅಷ್ಟ ಕೊಟ್ಟೀನಿ ನಾ. ಬರೇ ಆಸರಾ.

16 ಫೆಬ್ರುವರಿ

ಆಕೀ ಇನ್ನೂ ಮಲಗಿದ್ದಳು. ದಾದಾನ ಬಟ್ಟ ಸ್ವಿಚ್ಚಿನ ಮ್ಯಾಲ ಇಟ್ಟು ನನ್ನ ಕೈ ತಗದೆ.

4.

17 ಫೆಬ್ರುವರಿ

4. ಸ್ನೇಹಲ ನೋಡಿದಳು. "ಸ್ವಿಚ್ ಯಾರೂ ಮುಟ್ಟದಿದ್ರೂ ನಾಕ ಬರತಾವ ಅತ್ತಿ" ಅಂದಳು. "ಈಚೀಕ ಬಿದ್ದವು ತಾವ ಬುಟ್ಟಿಗಿ ಬೀಳತಾವ." ಬೈಯಲಿಲ್ಲ, ಮೆತ್ತಗ ಹೇಳಿದಳು. ಬೈದಿದ್ರ ಚಲೋ ಆಗತಿತ್ತು.

ಹುಡುಗರ ಕೈ ಹಿಡದು ತಿದ್ದಿಸಿದ ಅಕ್ಷರ ಎಷ್ಟ ಚಂದ ಬರತಾವ. ಕೈ ಬಿಟ್ಟ ಮ್ಯಾಲ ಹುಡುಗಗ ಏನೂ ಬರತಿರಂಗಿಲ್ಲ. ನನಗ ಗೊತ್ತಿರದ್ದೇನ ಇದು? ಸಾಹೇಬರ ತಪಾಸಣಿಗಿ ಬಂದಾಗ ಹಂಗ ಮಾಡಿ ತೋರಿಸೀನಲ್ಲ ಎಷ್ಟೋ ಸಲ.

20 ಫೆಬ್ರುವರಿ

ಕಾಕಾಗ ಹೇಳಬೇಕು. ಹೇಳಲಿಲ್ಲ. ಸ್ನೇಹಲ "ನಾ ಹೇಳಂಗಿಲ್ಲ, ನೀನ ಹೇಳು" ಅಂದಾಳ. ಇನ್ನ ಹೇಳಿದ್ರ ಏನ, ನಳಗಿ ಒಳಗ ಹೋಗೈತಿ.

ಹೋಳಿಗಿ ನೆನಪಾತು. ತುಪ್ಪ ಸುರಕೊಂಡ ತಿಂದೆ ನಾ.

9 ಮಾರ್ಚ್

ಮನ್ನಿಂದ ಜ್ವರ. ಎದ್ಯಾಗ ಗರಗರ. ಕಾಗವಾಡದಿಂದ ಡಾಕ್ಟರ ಮುಂಜಾನೆ ಬಂದಿದ್ರು. ಈಗಿಂದೀಗ ಮಿರಜಿಗಿ ಒಯ್ದು ಉಸರಿನ ಮಷೀನ್ ಹಚ್ಚಬೇಕು, ಹಚ್ಚಿದ್ರ ತಗ್ಯಾಕ ಬರಂಗಿಲ್ಲ, ಹಚ್ಚಲಿಲ್ಲಂದ್ರ ಎರಡ ಮೂರ ದಿವಸ, ಅಂದ್ರು. ಸ್ನೇಹಲಗ ಫೋನ್ ಮಾಡಿದೆ, ಹತ್ತರ ಬಸ್ಸಿಗಿ ಬಂದಳು.

ಕಾಕಾ ಬಂದು ಕಾಟಿನ ಕಾಲಗಡೆ ಕುಂತ್ರು. "ಗಾಡಿ ಬಾಗಲದಾಗ ನಿಲ್ಲಸೀನಿ. ಶ್ರೇಣಿಕನ್ನ ಕೇಳು ಮಂಗಲಾ. ಐವತ್ತ ಆತಂದ್ರ ಒಯ್ಯೂಣು" ಅಂದ್ರು.

ಸ್ವಿಚ್ ಬಟ್ಟಿನ ಕೆಳಗ ಇಟ್ಟೆ. ಬಟ್ಟ ಕಾದಿತ್ತು ಜ್ವರಕ್ಕ. ನನ್ನ ಎರಡೂ ಕೈ ಬೆನ್ನಿನ ಹಿಂದ ಕಟ್ಟಿಕೊಂಡೆ. ಸ್ನೇಹಲ ಬಾಗಲದಾಗ ನಿಂತಿದ್ದಳು.

ಮೊದಲನೇ ಗೊನಿ ಇಳೀತು. ಆಚೀಕ. ಒಂದ ಹೆಜ್ಜಿ, ಇನ್ನೊಂದ ಹೆಜ್ಜಿ. ನನ್ನ ಬಟ್ಟ ಬೆನ್ನ ಹಿಂದ ತಾನ ತಾನ ಒತ್ತಾಕತ್ತಿತ್ತು, ಬಳಿ ಸಪ್ಪಳ ನನಗ ಕೇಳತಿತ್ತು. ಬಿತ್ತು. ಟುಂಯ್. ಆಮ್ಯಾಲ ಈಚೀಕ ಬಿದ್ದವು ಬುಟ್ಟಿಗಿ ಬಿದ್ದವು. ಆಚೀಕ ಎರಡನೇದ ಬಿತ್ತು. ಮೂರನೇದ ಬಿತ್ತು.

"ಎಷ್ಟ ಆತವಾ?" ಅಂದ್ರು ಕಾಕಾ.

ಕಾಕಾನ ಕಣ್ಣಿಗಿ ಅಂಕಿ ಕಾಣಂಗಿಲ್ಲ. ನೂರಾ ನಾಲ್ವತ್ತ ಅನ್ನೂದು ನಾಲಿಗಿ ತುದೀಗಿ ಬಂದಿತ್ತು, ಅಲ್ಲೇ ನಿಂತಿತ್ತು. ಗಾಡಿ ಇಂಜಿನ್ ಬಂದ್ ಮಾಡಿರಲಿಲ್ಲ, ಅದರ ಸಪ್ಪಳ ಕೇಳತಿತ್ತು.

"ನಾಕ್ರಿ" ಅಂದೆ.

"ನಾಕು? ಮನ್ನಿ ಮನ್ನಿ ಎರಡನೂರ ಅಂತಿದ್ದೆಲ್ಲ?"

"ಅವು ನನ್ನ ಮಾರ್ಕ್ಸ್‌ರಿ ಕಾಕಾ. ದಾದಾನ್ವು ಅಲ್ಲ. ದೀಪಾವಳಿ ಮೊದಲಿಂದನ ಅಲ್ಲ. ನಳಗಿ ಇಡೂ ದಿವಸನೂ ಅಲ್ಲ."

ಕಾಕಾ ಕೋಲಿಗಿ ಕೈ ಹಾಕಿದ್ರು. ಹೊಡೀತಾರ ಅನ್ಕೊಂಡೆ, ಹೊಡೀಲಿ ಅನ್ಕೊಂಡೆ. ಅವರು ಕೋಲ ಊರಿ ಎದ್ದು ಹೊರಗ ಹೋದ್ರು. ಗಾಡಿ ಹೊಳ್ಳಿ ಹೋದ ಸಪ್ಪಳ ಬಂತು.

ದಾದಾ ಕಣ್ಣ ತಗದ. ದೀಪಾವಳಿ ಆದಮ್ಯಾಲ ಮೊದಲನೇ ಸಲ ನನ್ನ ನೋಡಿದ. ನಾ ಸರದ ಕಡೆ ಕಣ್ಣ ಸರಸ್ತಿದ್ದ. ಮುಚ್ಚಲಿಲ್ಲ.

ಕಾಲ ಹಿಡ್ಕೊಂಡ ಅತ್ತೆ. ತಪ್ಪಾತೋ ದಾದಾ ಅಂದೆ. ಅಂವ ಒಮ್ಮೆ ಕಣ್ಣ ಮುಚ್ಚಿ ತಗದ. ಹೌದು, ತಪ್ಪಾತು, ಅಂದನೋ, ಇರ್ಲಿ ಬಿಡು ಅಂದನೋ, ನಾ ಇನ್ನ ಅವನ ಪರವಾಗಿ ಹೇಳಾಕಿ ಅಲ್ಲ.

ಸೂರ್ಯ ಮುಳುಗಿದ ಮ್ಯಾಲ ನಳಗಿ ಮುಟ್ಟಲಿಲ್ಲ.

11 ಮಾರ್ಚ್

ಮುಂಜಾನೆ ಏಳೂವರಿಗಿ. ಸ್ನೇಹಲ ಣಮೋಕಾರ ಮಂತ್ರ ಹೇಳತಿದ್ದಳು. ಕೈ ನಾ ಹಿಡದಿರಲಿಲ್ಲ, ಆಕೀ ಹಿಡದಿದ್ದಳು.

30 ಮಾರ್ಚ್

ಯುಗಾದಿ. ಜೂನ್‌ದಾಗ ಸಾಲಿಗಿ ಬರತೀನಿ ಅಂತ ಧೂಳಪ್ಪ ಸರ್‌ಗ ಪತ್ರ ಬರದೆ. ಒಂದನೇತ್ತಾ ಬ್ಯಾಡ, ಬ್ಯಾರೆ ವರ್ಗ ಕೊಡ್ರಿ ಅಂತ ಬರದೀನಿ. ಕಾರಣ ಬರೀಲಿಲ್ಲ.

ಕಾಕಾ ಉಣ್ಣಾಕ ಬರತಾರ, ಉಂಡು ಹೋಗತಾರ. ಮಾತಿಲ್ಲ. ಸ್ನೇಹಲ ನಿನ್ನೆ ಚಿಕ್ಕೋಡಿಗಿ ಹೋಗೂ ಮುಂದ ಶಾವಿಗಿ ಡಬ್ಬಿ ತಗೊಂಡ ಹೋದಳು. ಒಂದನೇ ಕಿಂಬೊ ಮಾತ್ರ ತಗದು ನನ್ನ ಉಡ್ಯಾಗ ಇಟ್ಟಳು. "ಸೆಲ್ ಹೊಸಾವ ಹಾಕೀನಿ ಅತ್ತಿ" ಅಂದಳು, ಅಷ್ಟ.

ಮುಂಜಾನೆ ಕಟ್ಟಿ ಮ್ಯಾಲ ಕುಂತೆ. ಮೊದಲನೇದ ಗುಬ್ಬಿಗಿ ಬಿಡೂದು, ಮುಂದ ಆಡೂದು, ಅಂತ ಮನಸಿನ್ಯಾಗ. ಗೊನಿ ಇಳೀತು. ನನ್ನ ಬಟ್ಟ ಒತ್ತೇ ಬಿಟ್ಟಿತು. ಹಿಡದೆ. ಬಂದ್ ಮಾಡಿ ಮತ್ತ ಸುರು ಮಾಡಿದೆ. ಮತ್ತ ಹಿಡದೆ. ಹನ್ನೊಂದ ಸಲ ಆಡಿದೆ, ಹನ್ನೊಂದೂ ಸಲ ಹಿಡದೆ. ಬೀಳೂದು ನೋಡಾಕ ಆಗವಲ್ದು ನನಗ, ಅದು ಗಾಜಿನ ಮ್ಯಾಲಿನ ಕರೇ ಚುಕ್ಕಿ ಅಂತ ಗೊತ್ತಿದ್ರೂ ಆಗವಲ್ದು.

ಹನ್ನೆರಡನೇ ಸಲ ಸ್ವಿಚ್ ನೆಲದ ಮ್ಯಾಲ ಇಟ್ಟು, ತುಂಟ ಹುಡುಗರಿಗಿ ಶಿಕ್ಷಾ ಕೊಡತೀನಲ್ಲ, ಹಂಗ ನನ್ನ ಎರಡೂ ಕೈ ನನ್ನ ತೊಡಿ ಕೆಳಗ ಹಾಕಿ ಒತ್ತಿ ಕುಂತೆ.

ಗೊನಿ ಬಿತ್ತು.

ಇಷ್ಟ ಬೇಡಿದ್ದ ಅಂವ ನನ್ನ ಕಡೆ. ಇಷ್ಟ.